ಕಾಫಿ ಕುಡಿದು ಬರುವಷ್ಟರಲ್ಲಿ ಕೈಕೊಡುವ ಎಂಜಿನ್

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ತಕರಾರಿಲ್ಲದೆ ಓಡುತ್ತದೆ. ಹೋಟೆಲ್ ಮುಂದೆ ನಿಲ್ಲಿಸಿ ಕಾಫಿ ಕುಡಿದು ಬಂದು ಕೀ ತಿರುಗಿಸಿದರೆ ಸ್ಟಾರ್ಟ್ ಆಗಿ, ಎರಡು ಸಲ ನಡುಗಿ, ಬಂದ್ ಬೀಳುತ್ತದೆ. ಒಂದೆರಡು ಗಂಟೆ ಬಿಟ್ಟರೆ ಮತ್ತೆ ಎಲ್ಲ ಸರಿ. ಗ್ಯಾರೇಜು ಮುಟ್ಟುವ ಹೊತ್ತಿಗೆ ಎಂಜಿನ್ ತಣ್ಣಗಾಗಿ ರೋಗದ ಗುರುತೇ ಸಿಗದು; ಆಗ ಊಹೆಯ ಮೇಲೆ ಪ್ಲಗ್ಗು, ಪಂಪು, ಬ್ಯಾಟರಿ ಬದಲಾಗುತ್ತ ಬಿಲ್ಲು ಬೆಳೆಯುತ್ತದೆ. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸುವ ಮೊದಲು ಗಡಿಯಾರ ನೋಡಿಕೊಳ್ಳಬೇಕು: ಆಫ್ ಮಾಡಿ ಎಷ್ಟು ನಿಮಿಷಕ್ಕೆ ಈ ತೊಂದರೆ?

ಓಡುವಾಗ ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಆಫ್ ಮಾಡಿದೊಡನೆ ಕೂಲೆಂಟಿನ ಓಟವೂ ನಿಲ್ಲುತ್ತದೆ, ಎದುರುಗಾಳಿಯೂ ನಿಲ್ಲುತ್ತದೆ. ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮಾತ್ರ ಕೆಂಡದಂತೆ ಕಾಯುತ್ತಲೇ ಇರುತ್ತದೆ. ಹಾಗಾಗಿ ಮೊದಲ 15–30 ನಿಮಿಷ ಬಾನೆಟ್ ಒಳಗಿನ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ), ಸೆನ್ಸರ್, ಪೆಟ್ರೋಲ್ ಕೊಳವೆಗಳು ಓಡುವಾಗಿನದ್ದಕ್ಕಿಂತ ಹೆಚ್ಚು ಬಿಸಿಯಾಗುತ್ತವೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಅಂಬಾಸಿಡರ್, ಪದ್ಮಿನಿ ಕಾಲದ ಚಾಲಕರು ಘಾಟಿಯಲ್ಲಿ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕೇ. ಇಂಜೆಕ್ಷನ್ ಕಾರುಗಳಲ್ಲಿ ಪೆಟ್ರೋಲ್ ಸಾಮಾನ್ಯವಾಗಿ 3–4 ಬಾರ್ ಒತ್ತಡದಲ್ಲಿರುವುದರಿಂದ ಕುದಿಯುವುದಿಲ್ಲ. ಒತ್ತಡ ಸೋರಿಹೋದರೆ ಹಳೆಯ ಕಾಯಿಲೆಯೇ ಮರಳಿ ಬರುತ್ತದೆ.

ಕಾರು ಕೈಕೊಟ್ಟ ಜಾಗದಲ್ಲೇ, ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಮೊದಲನೆಯದು: ಸೆಲ್ಫ್ ಹೊಡೆಯದೆ ಕೀಯನ್ನು ಆನ್ ಸ್ಥಾನಕ್ಕೆ ತಂದು ಮೂರು ಸೆಕೆಂಡ್ ಬಿಡಿ, ಆಫ್ ಮಾಡಿ, ಹೀಗೆ ಮೂರು ಸಲ. ಪ್ರತಿ ಸಲವೂ ಟ್ಯಾಂಕಿನ ಪಂಪು ಒಂದೆರಡು ಸೆಕೆಂಡ್ ಗುಂಯ್‌ಗುಟ್ಟಿ ಒತ್ತಡ ತುಂಬುತ್ತದೆ. ಆಮೇಲೆ ಸಲೀಸಾಗಿ ಸ್ಟಾರ್ಟ್ ಆದರೆ ಒತ್ತಡ ಸೋರುತ್ತಿತ್ತು ಎಂದರ್ಥ. ಎರಡನೆಯದು ಇದಕ್ಕೆ ತದ್ವಿರುದ್ಧ: ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಿರಿ. ಬಹುತೇಕ ಕಾರುಗಳಲ್ಲಿ ಇದು ಕಂಪ್ಯೂಟರಿಗೆ ಇಂಜೆಕ್ಟರ್ ಮುಚ್ಚು ಎಂಬ ಸೂಚನೆ. ಎಂಜಿನ್ ಸ್ಟಾರ್ಟ್ ಆದರೆ (ತಕ್ಷಣ ಕಾಲು ಸಡಿಲಿಸಿ) ಪೆಟ್ರೋಲ್ ಹೆಚ್ಚಾಗಿತ್ತು, ಗ್ಯಾರೇಜಿನ ಮಾತಿನಲ್ಲಿ ‘ಓವರ್‌ಫ್ಲೋ’.

ಮೊದಲ ಪರೀಕ್ಷೆಯಲ್ಲಿ ಗೆದ್ದ ಕಾರಿಗೆ ಪ್ರೆಷರ್ ಗೇಜ್ ಹಾಕಿಸಬೇಕು. ಆಫ್ ಮಾಡಿದ ಒಂದೆರಡು ನಿಮಿಷದಲ್ಲೇ ಮುಳ್ಳು ಸೊನ್ನೆಗಿಳಿದರೆ ಸೋರಿಕೆ ಖಚಿತ. ಎಲ್ಲಿ ಎಂಬುದನ್ನು ಪ್ಲಗ್ ಹೇಳುತ್ತದೆ: ಯಾವುದೋ ಒಂದು ಪ್ಲಗ್ ಮಾತ್ರ ಒದ್ದೆಯಾಗಿದ್ದರೆ ಅಥವಾ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಎಲ್ಲವೂ ಒಣಗಿದ್ದರೆ ಪೆಟ್ರೋಲ್ ಹಿಂದಕ್ಕೆ, ಟ್ಯಾಂಕಿಗೆ ಇಳಿಯುತ್ತಿದೆ. ಪೆಟ್ರೋಲ್ ಹಿಂದಿರುಗದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಅಥವಾ ಒತ್ತಡ ಹದಗೊಳಿಸುವ ಪ್ರೆಷರ್ ರೆಗ್ಯುಲೇಟರ್ ನೋಡಬೇಕು. ಬಿಸಿ ಎಂಜಿನ್ನಿನಲ್ಲಿ ಪೆಟ್ರೋಲ್ ಕೊಳವೆಯನ್ನು ಮಾತ್ರ ಯಾರೂ ಬಿಚ್ಚಕೂಡದು. ಒತ್ತಡದಲ್ಲಿರುವ ಪೆಟ್ರೋಲ್ ಕಾದ ಮ್ಯಾನಿಫೋಲ್ಡ್ ಮೇಲೆ ಚಿಮ್ಮುತ್ತದೆ.

ಎರಡನೆಯ ಪರೀಕ್ಷೆಯಲ್ಲಿ ಗೆದ್ದ ಕಾರಿನ ಎಲ್ಲ ಪ್ಲಗ್ಗುಗಳೂ ಒಂದೇ ಸಮ ಕಪ್ಪಾಗಿ, ಹೊಗೆಯೂ ಕಪ್ಪಾಗಿದ್ದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಮೇಲೆ ಅನುಮಾನ. ಬಿಸಿ ಏರಿದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ. ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 80 ಡಿಗ್ರಿಗೆ 300ರ ಆಸುಪಾಸು. ಕನೆಕ್ಟರಿಗೆ ಕಿಲುಬು ಹಿಡಿದು ರೋಧ ಹೆಚ್ಚಿದರೆ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆಯೆಂದು ನಂಬಿ ಪೆಟ್ರೋಲ್ ಸುರಿಯುತ್ತದೆ. ಹೆಚ್ಚಿನ ಸಲ ಚೆಕ್ ಎಂಜಿನ್ ದೀಪವೂ ಹೊತ್ತುವುದಿಲ್ಲ, ಏಕೆಂದರೆ ಸೆನ್ಸರ್ ಹೇಳುವ, ಉದಾಹರಣೆಗೆ 30 ಡಿಗ್ರಿ, ಸುಳ್ಳಾದರೂ ನಂಬುವಂಥ ಅಂಕಿ. ಸ್ಕ್ಯಾನರಿನಲ್ಲಿ ಫಾಲ್ಟ್ ಕೋಡ್ ಹುಡುಕುವುದಕ್ಕಿಂತ ಲೈವ್ ಡೇಟಾದ ಉಷ್ಣಾಂಶ ನೋಡುವುದು ಲೇಸು.

ಎರಡೂ ಪರೀಕ್ಷೆಗೆ ಜಗ್ಗದೆ, ಸೆಲ್ಫ್ ಮಾತ್ರ ತಿರುಗುತ್ತಿದ್ದರೆ ಅಥವಾ ಸ್ಟಾರ್ಟ್ ಆದೊಡನೆ ಸ್ವಿಚ್ ಆರಿಸಿದಂತೆ ಸತ್ತರೆ, ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ನೋಡಿ. ಅದರೊಳಗಿನ ಕೂದಲೆಳೆಯಂಥ ತಂತಿ ಕಾದಾಗ ಹಿಗ್ಗಿ ಸಂಪರ್ಕ ಕಡಿದುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆಯೇ ಇದ್ದರೆ ಅನುಮಾನ ಬಲವಾಯಿತು. ಸೆನ್ಸರಿಗೆ ಒದ್ದೆ ಬಟ್ಟೆ ಒತ್ತಿ ತಣಿಸಿದ ಮೇಲೆ ಕಾರು ಹೊರಟರೆ ಕಳ್ಳ ಸಿಕ್ಕಂತೆಯೇ. ಎರಡು ವೈರಿನ ಸೆನ್ಸರನ್ನು ಮಲ್ಟಿಮೀಟರಿನಲ್ಲಿ ಅಳೆಯಬಹುದು. ಮೂರು ವೈರಿನ ಹಾಲ್ ಸೆನ್ಸರಿಗೆ ಓಮ್ ಅಳತೆ ಉಪಯೋಗವಿಲ್ಲ.

ರೇಸ್ ಕೊಟ್ಟಾಗ ಓಡುತ್ತಿದ್ದು, ಕಾಲು ತೆಗೆದರೆ ಆಫ್ ಆಗುವುದಾದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಕಿಟ್ಟ ಮೊದಲು ತೆಗೆಸಿ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ಮೇಲಷ್ಟೇ ಬಂದ್ ಬೀಳುವುದಾದರೆ ಟ್ಯಾಂಕಿನ ಆವಿಗೆ ದಾರಿ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದು ಅದನ್ನೆಲ್ಲ ಎಂಜಿನ್ನಿಗೆ ಎಳೆಯುತ್ತಿರಬಹುದು. ವಾಲ್ವನ್ನು ಬಿಚ್ಚಿ ಊದಿ ನೋಡಿ: ವಿದ್ಯುತ್ ಇಲ್ಲದಾಗ ಗಾಳಿ ದಾಟಕೂಡದು.

ಯಾವ ಭಾಗ ಬದಲಿಸಿದರೂ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದರೆ ದುಡ್ಡು ಕೊಡಬೇಡಿ. ಅರ್ಧ ಗಂಟೆ ಓಡಿಸಿ, ಬಾನೆಟ್ ಮುಚ್ಚಿಯೇ ಇಪ್ಪತ್ತು ನಿಮಿಷ ನಿಲ್ಲಿಸಿ, ಆಮೇಲೆ ಕೀ ತಿರುಗಿಸಿ.