ಸಿಂಧನೂರಿನ ಕ್ಯಾಂಪುಗಳಲ್ಲಿರುವವರು ಬಾಂಗ್ಲಾದೇಶದ ಮುಸ್ಲಿಮರೇ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಬಂಗಾಳಿ ಕ್ಯಾಂಪುಗಳಲ್ಲಿ ಬಾಂಗ್ಲಾದೇಶದ ಮುಸ್ಲಿಮರು ಬಂದು ನೆಲೆಸಿದ್ದಾರೆ ಎನ್ನುತ್ತಾರೆ. ಸರ್ಕಾರ ಅವರನ್ನು ಏಕೆ ಹೊರಗೆ ಕಳುಹಿಸುತ್ತಿಲ್ಲ?

ಉತ್ತರ: ಈ ಪ್ರಶ್ನೆ ರಾಯಚೂರಿನಿಂದ, ಗಂಗಾವತಿಯಿಂದ, ಸಿರುಗುಪ್ಪದಿಂದ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ, ನನ್ನ ಉತ್ತರವೂ ಪ್ರತಿ ಸಲ ಅದೇ ಆಗಿದೆ. ಆ ಕ್ಯಾಂಪುಗಳ ಬಂಗಾಳಿಗಳು ಹಿಂದೂಗಳು, ಅವರಲ್ಲಿ ಬಹುಪಾಲು ಜನ ಬಂಗಾಳದ ದಲಿತ ಸಮುದಾಯವಾದ ನಾಮಶೂದ್ರರು. ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ಬಾಳಲಾಗದೆ ಗಡಿ ದಾಟಿದ ಅವರ ಹಿರಿಯರನ್ನು 1970ರ ಆಸುಪಾಸಿನಲ್ಲಿ ಸರ್ಕಾರವೇ ಕರೆತಂದು, ಜಮೀನು ಕೊಟ್ಟು, ನಾವೆಲ್ಲ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳೆಂದು ಕರೆಯುವ ವಸಾಹತುಗಳಲ್ಲಿ ನೆಲೆಗೊಳಿಸಿತು. ನಂತರದ ವರ್ಷಗಳಲ್ಲಿ ಬಂದ ಕೆಲವರ ಪೌರತ್ವ ಬಹುಕಾಲ ಇತ್ಯರ್ಥವಾಗಿರಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಪ್ರಕಟವಾದ ಬಳಿಕ, ಅದೇ ವರ್ಷ ಇಲ್ಲಿನ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ದೊರೆಯಿತು. ಆ ಕಾಯ್ದೆ ಮುಸ್ಲಿಮರಿಗೆ ಅನ್ವಯಿಸುವುದೇ ಇಲ್ಲ ಎಂಬುದನ್ನು ನೆನೆದರೂ ಸಾಕು, ಕೇಳಿದ ಪ್ರಶ್ನೆ ಅಲ್ಲಿಗೇ ಮುಗಿಯಬೇಕು.

ಆದರೆ ಮುಗಿಯುವುದಿಲ್ಲ, ಏಕೆಂದರೆ ಅದರ ಬೇರು ಕ್ಯಾಂಪಿನಲ್ಲಿಲ್ಲ. ಬಾಂಗ್ಲಾದೇಶದಿಂದ ಬಂದವನೆಂದರೆ ಮುಸ್ಲಿಮನೇ ಇರಬೇಕು, ಗುರುತಿಲ್ಲದ ಮುಸ್ಲಿಮನೆಂದರೆ ಬಾಂಗ್ಲಾದೇಶದವನೇ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. ಇದರ ಮೊದಲರ್ಧ ತಪ್ಪೆಂಬುದಕ್ಕೆ ಸಿಂಧನೂರೇ ಸಾಕ್ಷಿ. ಉಳಿದರ್ಧವನ್ನು ಒಪ್ಪುವವರು, ಸಂತೆಯಲ್ಲಿ ಉರ್ದು ಮಾತನಾಡುವ ಹಣ್ಣಿನ ವ್ಯಾಪಾರಿಯನ್ನು ಕಂಡ ಕೂಡಲೇ ಅವನ ದೇಶ ಯಾವುದೆಂದು ತೀರ್ಮಾನಿಸಿಬಿಡುತ್ತಾರೆ. ಬಾಂಗ್ಲಾದೇಶದ ಮುಸ್ಲಿಮರ ಮಾತೃಭಾಷೆ ಬಂಗಾಳಿ. ಉರ್ದುವನ್ನು ತಮ್ಮ ಮೇಲೆ ಹೇರಿದ್ದನ್ನು ವಿರೋಧಿಸಿ ಢಾಕಾದ ವಿದ್ಯಾರ್ಥಿಗಳು 1952ರ ಫೆಬ್ರವರಿ 21ರಂದು ಗುಂಡೇಟಿಗೆ ಬಲಿಯಾದರು, ಆ ದೇಶ ಹುಟ್ಟಿದ್ದರ ಹಿಂದೆ ಆ ಚಳವಳಿಯ ಬಲವಿದೆ. ಹೀಗಿರುವಾಗ ಉರ್ದುವನ್ನೇ ಬಾಂಗ್ಲಾದ ಗುರುತೆಂದು ಭಾವಿಸುವುದು ಇತಿಹಾಸವನ್ನು ತಲೆಕೆಳಗು ಮಾಡಿ ಓದಿದಂತೆ. ಇನ್ನು ನಮ್ಮ ರಾಯಚೂರು, ಕೊಪ್ಪಳ ಪ್ರದೇಶಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆಯೂ ಶಾಲೆಯ ಮಾಧ್ಯಮವೂ ಉರ್ದುವೇ ಆಗಿದ್ದ ಕಾರಣ ಎಷ್ಟೋ ಲಿಂಗಾಯತ, ಬ್ರಾಹ್ಮಣ ಮನೆಗಳ ಹಿರಿಯರು ಉರ್ದುವಿನಲ್ಲಿಯೇ ಓದಿ ಬರೆದು ಬಾಳಿದವರು. ಅವರ ಮೊಮ್ಮಕ್ಕಳೇ ಇಂದು ಆ ಭಾಷೆ ಕಿವಿಗೆ ಬಿದ್ದೊಡನೆ ಅನುಮಾನಪಡುವುದನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಇಲ್ಲಿನ ಮುಸ್ಲಿಮರೆಲ್ಲ ಉರ್ದುವಿನವರೂ ಅಲ್ಲ. ಹತ್ತಿ ಹಿಂಜುವ ಕಾಯಕದ ಪಿಂಜಾರರು, ಅಂದರೆ ನದಾಫರು, ಹಲವೆಡೆ ಮನೆಯೊಳಗೂ ಕನ್ನಡವನ್ನೇ ಆಡುತ್ತಾರೆ. ಮುದಗಲ್ಲಿನ ಮೊಹರಂಗೆ ಹೋಗಿ ಬಂದವರಿಗೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಪೀರಲ ದೇವರಿಗೆ ಹರಕೆ ಹೊರುವವರಲ್ಲಿ ಹಿಂದೂಗಳು ಎಷ್ಟಿರುತ್ತಾರೆ, ಹಾಡುವ ರಿವಾಯತುಗಳು, ಅಂದರೆ ಮೊಹರಂ ಪದಗಳು, ಕನ್ನಡದಲ್ಲೇ ಎಷ್ಟಿರುತ್ತವೆ ಎಂಬುದನ್ನು ವಿವರಿಸಬೇಕಾಗಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಹಂಪಿಯಲ್ಲಿ ಇಮ್ಮಡಿ ದೇವರಾಯನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಮಸೀದಿ ಕಟ್ಟಿಸಿದನು. ಅದನ್ನು ಅರಸನ ಪುಣ್ಯಕ್ಕಾಗಿ ಕಟ್ಟಿಸಿದ ಧರ್ಮಶಾಲೆಯೆಂದು ಕನ್ನಡ ಶಾಸನದಲ್ಲಿ ಬರೆಸಿದನು. ಸುಮಾರು ಆರು ಶತಮಾನಗಳ ಹಿಂದಿನ ಆ ಕಲ್ಲಿನ ಬರಹ ಇಂದಿಗೂ ಉಳಿದಿದೆ. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ಭತ್ತ ಬೆಳೆದವರ ಕ್ಯಾಂಪುಗಳು ಗಂಗಾವತಿಯಿಂದ ಸಿಂಧನೂರಿನವರೆಗೆ ಹಬ್ಬಿವೆ. ಅವರನ್ನು ಹೊರಗಿನವರೆಂದು ಓಡಿಸಬೇಕೆಂದು ಯಾರೂ ನನಗೆ ಬರೆದಿಲ್ಲ, ಬರೆಯಲೂಬಾರದು. ಆದರೆ ಅವರಿಗಿಂತ ನೂರಾರು ವರ್ಷ ಮೊದಲೇ ಇಲ್ಲಿ ನೆಲೆಸಿದವರ ಬಗ್ಗೆ ಮಾತ್ರ ಈ ಪ್ರಶ್ನೆ ಏಳುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ಅನುಮತಿಯಿಲ್ಲದೆ ಗಡಿ ದಾಟಿ ಬರುವವರೂ ಇದ್ದಾರೆ, ಅದಕ್ಕೆ ಕಾನೂನೂ ಇದೆ, ಅದನ್ನು ಜಾರಿಗೊಳಿಸುವ ಅಧಿಕಾರಿಗಳೂ ಇದ್ದಾರೆ. 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲವಾದ್ದರಿಂದ ಮ್ಯಾನ್ಮಾರಿನಿಂದ ಜೀವ ಉಳಿಸಿಕೊಂಡು ಬಂದ ರೋಹಿಂಗ್ಯಾಗಳ ಸ್ಥಿತಿ ಇಲ್ಲಿ ಅತಂತ್ರವಾಗಿಯೇ ಇದೆ. ಅವರನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಚರ್ಚೆ ನ್ಯಾಯವಾದುದು. ಆದರೆ ನಾನು ವಿದೇಶಿಯಲ್ಲ ಎಂದು ಸಾಬೀತುಪಡಿಸುವ ಹೊಣೆಯನ್ನು ನಮ್ಮ ಕಾನೂನು ಆಪಾದಿತನ ತಲೆಯ ಮೇಲೆಯೇ ಹೊರಿಸುತ್ತದೆ. ಹಾಗಾಗಿ ಹೆಸರನ್ನೂ ಗಡ್ಡವನ್ನೂ ನೋಡಿ ಒಬ್ಬನತ್ತ ಬೆರಳು ತೋರುವುದು ಹಗುರವಾದ ಮಾತಲ್ಲ. ಮಾಲ್ದಾ ಅಥವಾ ಮುರ್ಷಿದಾಬಾದಿನಿಂದ ಗಾರೆ ಕೆಲಸಕ್ಕೆಂದು ಬಳ್ಳಾರಿಗೆ ಬಂದ ಬಂಗಾಳಿ ಮುಸ್ಲಿಮ ಭಾರತದ ಪ್ರಜೆ, ಈ ದೇಶದ ಯಾವ ಊರಿನಲ್ಲಿ ಬೇಕಾದರೂ ದುಡಿದು ಬಾಳುವ ಹಕ್ಕು ಅವನಿಗಿದೆ.

ಯಾರೂ ಕೇಳದಿದ್ದರೂ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಈ ಅನುಮಾನ ನಮ್ಮವರನ್ನೂ ಬಿಟ್ಟಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಅಲ್ಲಿರುವವರು ಬಾಂಗ್ಲಾದೇಶದವರೆಂಬ ಆರೋಪದ ಮೇಲೆ ಕೂಲಿಕಾರರ ಗುಡಿಸಲುಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾಗಳ ಜನರ ಜೊತೆಗೆ ಉತ್ತರ ಕರ್ನಾಟಕದಿಂದ ಗುಳೆ ಹೋದ ಕುಟುಂಬಗಳೂ ಇದ್ದವು. ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ದೇವದುರ್ಗಗಳಿಂದ ಬಸ್ಸು ಹತ್ತುವ ನಮ್ಮ ಜನ ಹೋಗಿ ಸೇರುವುದು ಇಂಥ ಗುಡಿಸಲುಗಳಿಗೇ. ತೆರವಿಗೆ ಕಾನೂನಿನ ಆಧಾರವಿಲ್ಲವೆಂದು ಕಂಡ ಕರ್ನಾಟಕ ಹೈಕೋರ್ಟ್, ನೆಲೆ ಕಳೆದುಕೊಂಡವರಿಗೆ ಪುನರ್ವಸತಿ ಕಲ್ಪಿಸುವಂತೆ ಸರ್ಕಾರಕ್ಕೆ ಸೂಚಿಸಿತು.