ದೊಣ್ಣೆ ಹಿಡಿದ ಕೈಗೆ ಭರ್ಜಿ ಕೊಟ್ಟಾಗ

ಮೇಜಿನ ಸುತ್ತ ಕುಳಿತು ದಾಳ ಉರುಳಿಸುವ ರೋಲ್‌ಪ್ಲೇಯಿಂಗ್ ಆಟಗಳಿಗೆ ನಿಯಮ ಬರೆಯುವಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: ಒಂದು ಆಯುಧದಲ್ಲಿ ಪಳಗಿದ ಪಾತ್ರ ಇನ್ನೊಂದನ್ನು ಕೈಗೆತ್ತಿಕೊಂಡರೆ ಅದರ ಪರಿಣತಿಯಲ್ಲಿ ಎಷ್ಟು ಉಳಿಯಬೇಕು? 1978ರ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಅಭ್ಯಾಸವಿಲ್ಲದ ಆಯುಧದಿಂದ ಹೊಡೆಯುವಾಗ ದಾಳದಲ್ಲಿ ಬಿದ್ದ ಸಂಖ್ಯೆಯಿಂದ ಯೋಧನಿಗೆ 2, ಮಾಂತ್ರಿಕನಿಗೆ 5 ಅಂಕಗಳ ಕಡಿತವಿತ್ತು. ಆತ ಮೊದಲೇ ಏನನ್ನು ಬಲ್ಲ ಎಂಬುದು ಲೆಕ್ಕಕ್ಕೇ ಬರುತ್ತಿರಲಿಲ್ಲ. 1989ರ ಎರಡನೆಯ ಆವೃತ್ತಿ ಪಾತ್ರ ಬಲ್ಲ ಆಯುಧವನ್ನು ಹೋಲುವ ಆಯುಧಗಳಿಗೆ ಈ ಕಡಿತವನ್ನು ಅರ್ಧಕ್ಕೆ ಇಳಿಸಿತು.

1986ರಲ್ಲಿ ಬಂದ ಗರ್ಪ್ಸ್ ಎಂಬ ಇನ್ನೊಂದು ಆಟ ಆಯುಧಗಳ ನಡುವಿನ ನಂಟನ್ನೇ ಅಂಕಗಳಲ್ಲಿ ಹೇಳುತ್ತದೆ. ಅದರ ನಾಲ್ಕನೆಯ ಆವೃತ್ತಿಯಲ್ಲಿ ದೊಣ್ಣೆ ಬಲ್ಲವನು ಭರ್ಜಿಯನ್ನು 2 ಅಂಕ ಕಡಿಮೆ ಮಾಡಿಕೊಂಡು ಬಳಸಬಹುದು. ಆರು ಮುಖಗಳ ಮೂರು ದಾಳಗಳ ಮೊತ್ತ ಆ ಆಯುಧದಲ್ಲಿ ಪಾತ್ರದ ಪರಿಣತಿಯ ಮಟ್ಟವನ್ನು ಮೀರದಿದ್ದರೆ ಗೆಲುವು ಎಂಬ ನಿಯಮದಿಂದಾಗಿ 16ರಿಂದ 14ಕ್ಕಿಳಿದ ನಿಪುಣನ ಗೆಲುವಿನ ಸಾಧ್ಯತೆ ಶೇ. 98ರಿಂದ 91ಕ್ಕೆ ಇಳಿದರೆ, 12ರಿಂದ 10ಕ್ಕಿಳಿದ ಹೊಸಬನದು ಶೇ. 74ರಿಂದ 50ಕ್ಕೆ ಕುಸಿಯುತ್ತದೆ. ಚೆನ್ನಾಗಿ ಕಲಿತವನೇ ಬೇರೆ ಆಯುಧಕ್ಕೆ ಬೇಗ ಒಗ್ಗುತ್ತಾನೆ ಎಂಬ ಅನುಭವ ಹೀಗೆ ದಾಳದಲ್ಲಿಯೇ ಮೂಡಿಬರುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಳಸುವ ಇಪ್ಪತ್ತು ಮುಖಗಳ ಒಂದೇ ದಾಳದಲ್ಲಿ 2 ಅಂಕವೆಂದರೆ ಸಾಮಾನ್ಯವಾಗಿ ಎಲ್ಲರಿಗೂ ಶೇ. 10 ಅಷ್ಟೇ.

ಮೈಸೂರಿನ ಆಟಗಾರರಿಗೆ ಇದನ್ನು ವಿವರಿಸುವಾಗ ನಾನು ದೊಣ್ಣೆವರಸೆಯನ್ನೇ ಮುಂದಿಡುತ್ತೇನೆ. ಹೆಜ್ಜೆ, ಎದುರಾಳಿಯ ದೂರದ ಅಂದಾಜು, ಹೊಡೆತ ಬರುವ ಮೊದಲೇ ಭುಜವನ್ನು ಗಮನಿಸುವ ಕಣ್ಣು ಇವೆಲ್ಲ ಭರ್ಜಿಗೂ ಒದಗುತ್ತವೆ. ಆದರೆ ದೊಣ್ಣೆಯ ಎರಡು ತುದಿಗಳೂ ಹೊಡೆಯುತ್ತವೆ, ಭರ್ಜಿಯಲ್ಲಿ ಮೊನೆಯೇ ಮುಖ್ಯ. ಅದನ್ನು ಎದುರಾಳಿಯತ್ತ ನೆಟ್ಟ ಗೆರೆಯಿಂದ ಸರಿಯದಂತೆ ಹಿಡಿಯುವುದನ್ನು ಹೊಸದಾಗಿಯೇ ಕಲಿಯಬೇಕು. ವಿಜಯದಶಮಿಯಂದು ಅರಮನೆಯಲ್ಲಿ ವಜ್ರಮುಷ್ಟಿ ಧರಿಸಿ ಕಾದಾಡುವ ಜಟ್ಟಿಯ ಕಾಳಗವಾದರೋ ಮೈಗೆ ಮೈ ತಾಗುವಷ್ಟು ಹತ್ತಿರದ್ದು. ಆದ್ದರಿಂದ ಅಂತಹ ಪಾತ್ರಕ್ಕೆ ಕಠಾರಿಯಲ್ಲಿ ಕಡಿಮೆ ಕಡಿತವನ್ನೂ ಭರ್ಜಿಯಲ್ಲಿ ಹೆಚ್ಚು ಕಡಿತವನ್ನೂ ಇಡುವುದು ನ್ಯಾಯ ಎಂದು ನನಗನಿಸುತ್ತದೆ. ಆಯುಧದ ಆಕಾರಕ್ಕಿಂತ ಕಾದಾಟದ ದೂರವೇ ನನಗೆ ಮೊದಲ ಅಳತೆ.

ನಂಟು ಎರಡೂ ದಿಕ್ಕಿನಲ್ಲಿ ಸಮವಾಗಿರಬೇಕೆಂದೇನೂ ಇಲ್ಲ. ಗರ್ಪ್ಸ್ ಭರ್ಜಿಯಿಂದ ದೊಣ್ಣೆಗೂ 2 ಅಂಕವನ್ನೇ ಕಳೆಯುತ್ತದೆ. ಹಿಂದಿನ ತುದಿಯನ್ನು ಅಷ್ಟಾಗಿ ಬಳಸದ ಭರ್ಜಿಗಾರನಿಗೆ ನಾನು 3 ಕಳೆಯುತ್ತೇನೆ. ಕಲಿಕೆಯ ವಿಷಯದಲ್ಲಿ ಮಾತ್ರ ಗರ್ಪ್ಸ್‌ನ ನಿಯಮವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ: ಹೊಸ ಆಯುಧದ ಪರಿಣತಿಯನ್ನು ಅಂಕ ತೆತ್ತು ಸೊನ್ನೆಯಿಂದ ಕೊಳ್ಳಬೇಕಾಗಿಲ್ಲ, ಎರವಲಾಗಿ ಬಂದ ಮಟ್ಟಕ್ಕೂ ಬೇಕಾದ ಮಟ್ಟಕ್ಕೂ ಇರುವ ವ್ಯತ್ಯಾಸದ ಅಂಕಗಳನ್ನಷ್ಟೇ ಆಟಗಾರ ತೆರುತ್ತಾನೆ.