ಟೈಮಿಂಗ್ ‘ಸ್ವಲ್ಪ ಅಡ್ವಾನ್ಸ್’ ಇಡಬಹುದೇ?

ಪ್ರಶ್ನೆ: ಹಳೇ ಬೈಕಿನ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದೇನೆ. ಟೈಮಿಂಗ್ ಸ್ವಲ್ಪ ಅಡ್ವಾನ್ಸ್ ಇಟ್ಟರೆ ಪಿಕಪ್ ಚೆನ್ನಾಗಿರುತ್ತದಂತೆ. ಎಷ್ಟು ಇಡಲಿ?

ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಇಡಿ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಆ ‘ಸ್ವಲ್ಪ ಅಡ್ವಾನ್ಸ್’ ಸಾಯುತ್ತಲೇ ಇಲ್ಲ. ಈ ಸಲ ಬೇರುಸಮೇತ ಕಿತ್ತುಬಿಡೋಣ. ಟೈಮಿಂಗ್ ಎಂದರೆ ಪ್ಲಗ್ಗಿನ ಕಿಡಿ ಬೀಳುವ ಗಳಿಗೆ; ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವುದು ಬಾಕಿ ಇದೆ ಎಂದು ಅದನ್ನು ಅಳೆಯುತ್ತಾರೆ. ಕಿಡಿ ಬೇಗ ಬಿದ್ದರೆ ಅಡ್ವಾನ್ಸ್, ತಡವಾದರೆ ರಿಟಾರ್ಡ್.

ಈ ನಂಬಿಕೆ ಹುಟ್ಟುವುದು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನ ಪಕ್ಕದಲ್ಲಿ. ಎಂಜಿನ್ ಸ್ಲೋದಲ್ಲಿ ಓಡುತ್ತಿರುವಾಗ ಪಾಯಿಂಟ್ (ತೆರೆದುಕೊಂಡಾಗ ಕಿಡಿ ಹುಟ್ಟಿಸುವ ಸ್ವಿಚ್ಚು) ಕೂತಿರುವ ಪ್ಲೇಟನ್ನು ಅಡ್ವಾನ್ಸ್ ಕಡೆಗೆ ತಿರುಗಿಸಿದರೆ ಆರ್‌ಪಿಎಂ ಏರುತ್ತದೆ. ‘ನೋಡಿ, ಪವರ್ ಬಂತು’ ಅನ್ನುತ್ತಾರೆ. ಬಂದದ್ದು ಪವರ್ ಅಲ್ಲ. ಸ್ಲೋದಲ್ಲಿ ಥ್ರಾಟಲ್ ಮುಚ್ಚಿರುತ್ತದೆ. ಒಳಗೆ ಹೋಗುವ ಮಿಶ್ರಣ ಕಡಿಮೆ, ಹಿಂದಿನ ಸುತ್ತಿನ ಸುಟ್ಟ ಅನಿಲವೂ ಅದಕ್ಕೆ ಬೆರೆತು ನಿಧಾನವಾಗಿ ಉರಿಯುತ್ತದೆ. ಅದಕ್ಕೇ ಕಿಡಿ ಬೇಗ ಬಿದ್ದಷ್ಟೂ ಎಂಜಿನ್‌ಗೆ ಹಿತ. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರ್ ತುಂಬಿ ಒತ್ತಡ ಏರಿ ಅದೇ ಮಿಶ್ರಣ ಎಷ್ಟೋ ಬೇಗ ಉರಿಯುತ್ತದೆ. ಅಲ್ಲಿಗೆ ಸ್ಲೋದಲ್ಲಿ ಕೇಳಿದ ಸಾಕ್ಷಿ ಕೆಲಸಕ್ಕೆ ಬಾರದು.

ಉರಿದ ಒತ್ತಡ ಶಿಖರ ಮುಟ್ಟಬೇಕಾದದ್ದು ಪಿಸ್ಟನ್ ಮೇಲಿನ ತುದಿ ದಾಟಿ ಸುಮಾರು 15 ಡಿಗ್ರಿ ಇಳಿದಾಗ. ಕಿಡಿ ಅತಿ ಬೇಗ ಬಿದ್ದರೆ, ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿನ ತಲೆಯನ್ನೇ ಆ ಒತ್ತಡ ಕೆಳಕ್ಕೆ ಒತ್ತುತ್ತದೆ. ಕಿಕ್ಕರ್ ತಿರುಗಿ ಕಾಲಿಗೆ ಹೊಡೆಯುವುದು ಅದರಿಂದಲೇ. ಓಡುವಾಗ ಅದೇ ಏಟು ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್‌ಗೆ ಬೀಳುತ್ತದೆ. ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ಹಿಡಿದ ಒಂದು ಪಿಸ್ಟನ್ ನನ್ನ ಬೆಂಚಿನ ಮೇಲೆ ಇದೆ: ಅಂಚಿನಲ್ಲಿ ಗೆದ್ದಲು ತಿಂದ ಮರದಂತೆ ಗುಳಿಗುಳಿ, ಮೇಲಿನ ರಿಂಗ್‌ವರೆಗೂ ಕೊರೆದುಹೋಗಿದೆ. ಹೊಸ ರಿಂಗ್ ಇನ್ನೂ ಕೂರದ ಎಂಜಿನ್ ಹೇಗೂ ಬಿಸಿ ಜಾಸ್ತಿ. ಅದಕ್ಕೆ ಇದನ್ನೂ ಹೇರಬೇಡಿ.

ಹೆಚ್ಚು ಡಿಗ್ರಿ ಎಂದರೆ ಹೆಚ್ಚು ಬಲ ಎನ್ನುವವರು ಎರಡು ಅಂಕಿ ನೋಡಲಿ. ಟ್ರಯಂಫ್ 650 ಟ್ವಿನ್‌ಗೆ ಪೂರ್ತಿ ಅಡ್ವಾನ್ಸ್ (ವೇಗ ಏರಿದಾಗಿನ ಗರಿಷ್ಠ) 38 ಡಿಗ್ರಿ, ನಾರ್ಟನ್ ಕಮಾಂಡೋಗೆ 28. ಹತ್ತು ಡಿಗ್ರಿ ಕಡಿಮೆ ಎಂದು ಕಮಾಂಡೋವನ್ನು ಯಾರೂ ಬಡಕಲು ಅಂದಿಲ್ಲ. ಹೆಡ್ಡಿನೊಳಗಿನ ಆಕಾರದಲ್ಲಿ ಬೆಂಕಿ ಎಷ್ಟು ಬೇಗ ಹರಡುತ್ತದೆ ಎಂಬುದರ ಮೇಲೆ ಆ ಅಂಕಿ ನಿಂತಿದೆ. ಬೇಗ ಉರಿಯುವ ಹೆಡ್ಡಿಗೆ ಮುಂಚಿತ ಕಿಡಿ ಬೇಕಿಲ್ಲ.

ಇಡುವ ಕ್ರಮ ಕಷ್ಟವಲ್ಲ. ಮೊದಲು ಪಾಯಿಂಟ್ ಗ್ಯಾಪ್ (ಹಲವು ಎಂಜಿನ್‌ಗಳಲ್ಲಿ 0.35–0.40 ಮಿ.ಮೀ.), ಆಮೇಲೆ ಟೈಮಿಂಗ್. ಕಂಪ್ರೆಷನ್ ಸ್ಟ್ರೋಕ್‌ನಲ್ಲೇ ಇದ್ದೀರಿ ಎಂದು ಖಚಿತಮಾಡಿಕೊಳ್ಳಿ. ಪ್ಲಗ್ ರಂಧ್ರಕ್ಕೆ ಕಡ್ಡಿ ಇಳಿಸಿ ಟಿಡಿಸಿ (ಪಿಸ್ಟನ್ನಿನ ಮೇಲಿನ ತುದಿ) ಊಹಿಸಬೇಡಿ: 82 ಮಿ.ಮೀ. ಸ್ಟ್ರೋಕ್‌ನ ಎಂಜಿನ್ನಿನಲ್ಲಿ ತುದಿಯಿಂದ 5 ಡಿಗ್ರಿ ತಿರುಗಿದರೂ ಪಿಸ್ಟನ್ ಇಳಿಯುವುದು ಸುಮಾರು 0.2 ಮಿ.ಮೀ. ಅಷ್ಟೇ. ಕ್ರ್ಯಾಂಕಿಗೆ ಡಿಗ್ರಿ ಗುರುತಿನ ಡಿಸ್ಕ್ ಹಾಕಿ, ಪ್ಲಗ್ ಜಾಗಕ್ಕೆ ಪಿಸ್ಟನ್ನನ್ನು ತಡೆಯುವ ಪಿಸ್ಟನ್ ಸ್ಟಾಪ್ ಕೂರಿಸಿ, ಎರಡೂ ಕಡೆಯಿಂದ ನಿಧಾನವಾಗಿ ತಿರುಗಿಸಿ ತಾಗಿದ ಎರಡು ಗುರುತುಗಳ ನಡುಮಧ್ಯ ಹಿಡಿಯಿರಿ. ಪುಸ್ತಕದ ಅಂಕಿ ಪೂರ್ತಿ ಅಡ್ವಾನ್ಸ್‌ನದೋ ಪೂರ್ತಿ ರಿಟಾರ್ಡ್‌ನದೋ ಓದಿ ನೋಡಿ. ಅಡ್ವಾನ್ಸ್‌ನದಾದರೆ ಆಟೋ ಅಡ್ವಾನ್ಸ್ ತೂಕಗಳನ್ನು (ವೇಗ ಏರಿದಂತೆ ಹರಡಿ ಕಿಡಿಯನ್ನು ಬೇಗ ಬೀಳಿಸುವವು) ಪೂರ್ತಿ ಹರಡಿ ಬೆಣೆ ಕೊಡಿ. ಗುರುತಿಗೆ ಯಾವಾಗಲೂ ಎಂಜಿನ್ ಓಡುವ ದಿಕ್ಕಿನಲ್ಲೇ ಬನ್ನಿ, ಗೇರುಗಳ ಸಡಿಲ ಆಗ ಒಂದೇ ಕಡೆ ಉಳಿಯುತ್ತದೆ. ಮ್ಯಾಗ್ನೆಟೋ ಆದರೆ ಬಲ್ಬ್‌ಗಿಂತ (ಪಾಯಿಂಟ್ ತೆರೆದದ್ದನ್ನು ತೋರಿಸಲು ಜೋಡಿಸುವ ದೀಪ) ಸಿಗರೇಟ್ ಕಾಗದ ವಾಸಿ: ಪಾಯಿಂಟ್ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಿ, ಜಾರಿದ ಕ್ಷಣವೇ ಕಿಡಿಯ ಕ್ಷಣ.

ಯಾರೂ ಕೇಳದ ಇನ್ನೊಂದು ಮಾತು. ಇಷ್ಟು ಸರಿಯಾಗಿ ಇಟ್ಟದ್ದು ಕೆಲವು ನೂರು ಕಿಲೋಮೀಟರಿನಲ್ಲಿ ತಾನಾಗಿ ಹಿಂದೆ ಸರಿಯುತ್ತದೆ. ಹೊಸ ಪಾಯಿಂಟಿನ ಹಿಮ್ಮಡಿ ಕ್ಯಾಮ್ ಮೇಲೆ ಉಜ್ಜಿ ಸವೆಯುತ್ತದೆ, ಗ್ಯಾಪ್ ಕಿರಿದಾಗುತ್ತದೆ. ಗ್ಯಾಪ್ ಕಿರಿದಾದಷ್ಟೂ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ರಿಟಾರ್ಡ್ ಆಗುತ್ತದೆ. ಗ್ಯಾಪ್ ಮುಟ್ಟಿದ ಪ್ರತಿ ಸಲವೂ ಟೈಮಿಂಗ್ ಮತ್ತೆ ನೋಡಬೇಕಾದದ್ದು ಇದಕ್ಕೇ. ಕ್ಯಾಮ್ ಮೇಲೆ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸ್ ಸವರಿ, ಪಾಯಿಂಟ್ ಮುಖಕ್ಕೆ ತಾಗದಂತೆ. ಮೊದಲ ಆಯಿಲ್ ಬದಲಿಸುವ ದಿನವೇ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ.